ಎರಡು ಮೀಟರ್ ಕೆಂಪು ದಾರ

ಮಂಜುಗಡ್ಡೆ ಹತ್ತುವ ಕೊಡಲಿ ಒಂದಕ್ಕೆ ನಾನೂರ ಎಂಬತ್ತು ಡಾಲರ್. ಎರಡೂ ಕೈಗೆ ಬೇಕಲ್ಲ, ಅಲ್ಲಿಗೆ ಒಂಬೈನೂರ ಅರವತ್ತು. ಮಂಜುಗಡ್ಡೆಯೊಳಗೆ ತಿರುಗಿಸಿ ಇಳಿಸುವ ಸ್ಕ್ರೂ ಒಂದಕ್ಕೆ ನೂರ ಮೂವತ್ತು. ಅಂಥವು ಹನ್ನೆರಡಾದರೂ ಇಲ್ಲದೆ ಯಾರೂ ಹೊರಡುವುದಿಲ್ಲ. ಬೂಟಿನಡಿಗೆ ಕಟ್ಟುವ ಉಕ್ಕಿನ ಮುಳ್ಳುಗಳಿಗೆ ಮುನ್ನೂರ ಎಪ್ಪತ್ತು. ಕೈತಪ್ಪಿದ ಕೊಡಲಿ ಕೆಳಗೆ ಬೀಳದಿರಲೆಂದು ಅದನ್ನು ಸೊಂಟಪಟ್ಟಿಗೆ ಸಿಕ್ಕಿಸಿಕೊಳ್ಳುವ ಎಲಾಸ್ಟಿಕ್ ಪಟ್ಟಿಗೆ ನೂರ ಹತ್ತು. ಇಷ್ಟನ್ನೂ ಹೇರಿ ನಿಮ್ಮನ್ನು ಹೆಪ್ಪುಗಟ್ಟಿದ ಜಲಪಾತದ ಮೇಲೆ ಹತ್ತಿಸಿ ಜೀವಸಹಿತ ಇಳಿಸುವುದಕ್ಕೆ ರೇವಿನ್ ಹೆಸ್ಲಪ್ ದಿನಕ್ಕೆ ಒಂಬೈನೂರು ತೆಗೆದುಕೊಳ್ಳುತ್ತಿದ್ದಳು. ಆರು ಮಿಲಿಮೀಟರ್ ದಪ್ಪದ ಕೆಂಪು ನೈಲಾನ್ ದಾರ ಮೀಟರಿಗೆ ಒಂದು ಡಾಲರ್ ಎಂಬತ್ತು ಸೆಂಟ್. ಅವಳ ಗಿರಾಕಿ ಡೆಸ್ ಪೆಂಗಿಲಿ ಬಿಡಾರದ ಸುರುಳಿಯಿಂದ ಕತ್ತರಿಸಿಕೊಂಡದ್ದು ಎರಡು ಮೀಟರ್. ಮೂರು ಡಾಲರ್ ಅರವತ್ತು ಸೆಂಟಿನ ಮಾಲು. ಐದರ ನೋಟನ್ನು ಚಹಾ ಡಬ್ಬಿಯ ಕೆಳಗಿಟ್ಟು, ಚಿಲ್ಲರೆ ನೀವೇ ಇಟ್ಟುಕೊಳ್ಳಿ ಎಂದು ಚೀಟಿ ಬರೆದಿದ್ದ.

ಡೆಸ್ ಕಳ್ಳನಲ್ಲ, ದಡ್ಡನೂ ಅಲ್ಲ. ಆಸ್ಟ್ರೇಲಿಯಾದ ಟ್ಯಾಮ್‌ವರ್ತಿನವನು. ಇಪ್ಪತ್ತೆಂಟು ವರ್ಷ ಬೇರೆಯವರ ಕ್ರೇನು ನಡೆಸಿ, ಈಗ ಸ್ವಂತದ್ದು ನಾಲ್ಕು ಇಟ್ಟುಕೊಂಡಿದ್ದ. ಐವತ್ತೆರಡು ವಯಸ್ಸು, ಎತ್ತಿನಂಥ ಕತ್ತು. ಈ ಪ್ರವಾಸವನ್ನು ಹುಟ್ಟುಹಬ್ಬಕ್ಕೆ ಕೊಡಿಸಿದವಳು ಹೆಂಡತಿ. "ನನ್ನ ವಿಮೆ ಎಷ್ಟು ಬರುತ್ತೆ ಅಂತ ಲೆಕ್ಕ ಹಾಕೇ ಕಳ್ಸಿದಾಳೆ," ಎಂದು ಅವನು ಮೊದಲ ದಿನವೇ ಎಲ್ಲರಿಗೂ ಹೇಳಿ ನಗಿಸಿದ್ದ. ರೇವಿನ್‌ಗೆ ಅವನು ಹಿಡಿಸಿದ. ಹೇಳಿದ್ದನ್ನು ಕೇಳುತ್ತಿದ್ದ, ಗಂಟು ಹಾಕಿದರೆ ಗಂಟಿನಂತೆ ಹಾಕುತ್ತಿದ್ದ. ಒಂದೇ ತೊಂದರೆ, ಕೊಡಲಿಯನ್ನು ಸೌದೆ ಒಡೆಯುವವನಂತೆ ಬೀಸುತ್ತಿದ್ದ.

ಕಣಿವೆಯ ತುದಿಯಲ್ಲಿದ್ದ ತಗಡಿನ ಬಿಡಾರದ ಬಾಗಿಲ ಪಕ್ಕ, ಮೊಳೆಯಲ್ಲಿ ಒಂದು ಹಸುವಿನ ಗಂಟೆ ತೂಗುತ್ತಿತ್ತು. ಹತ್ತೊಂಬತ್ತು ವರ್ಷದ ಹಿಂದೆ ಅದನ್ನು ಅಲ್ಲಿ ತೂಗುಹಾಕಿದವಳು ರೇವಿನ್. ಹತ್ತುವಾಗ ಕೊಡಲಿ ಬೀಳಿಸಿದವರು ಮರುದಿನ ಬೆಳಗಿನವರೆಗೆ ಅದನ್ನು ಕೊರಳಿಗೆ ಕಟ್ಟಿಕೊಳ್ಳಬೇಕು, ಎಲ್ಲರ ತಟ್ಟೆ ತೊಳೆಯಬೇಕು. ಮೇಲಿಂದ ಬೀಳುವ ಕೊಡಲಿ ಕೆಳಗಿದ್ದವನ ಕತ್ತು ಸೀಳಬಲ್ಲದು. ಒಮ್ಮೆ ಸೀಳಿದ್ದನ್ನು ಅವಳು ಕಂಡಿದ್ದಳು. ಬೈದರೆ ಗಿರಾಕಿ ಮುನಿಸಿಕೊಂಡು ಮರೆಯುತ್ತಾನೆ, ನಾಲ್ಕು ಜನರೆದುರು ನಗೆಗೀಡಾದರೆ ಸಾಯುವತನಕ ನೆನಪಿಟ್ಟುಕೊಳ್ಳುತ್ತಾನೆ ಎಂಬುದು ಅವಳ ಎಣಿಕೆ. ಎಣಿಕೆ ತಪ್ಪೇನೂ ಆಗಿರಲಿಲ್ಲ.

ಮೊದಲ ದಿನವೇ ಡೆಸ್‌ನ ಕೊಡಲಿಯೊಂದು ಬಿತ್ತು. ಕೆಳಗೆ ಹಗ್ಗ ಹಿಡಿದು ನಿಂತಿದ್ದ ರಾವಿರಿಯ ಕಿವಿಯ ಪಕ್ಕದಲ್ಲೇ ಹಾದು ಹಿಮದಲ್ಲಿ ಹಿಡಿಯವರೆಗೆ ಹೂತುಕೊಂಡಿತು. ರಾವಿರಿ ಹದಿನೈದು ವರ್ಷದಿಂದ ರೇವಿನ್‌ಳ ಜೊತೆ ಮಾರ್ಗದರ್ಶಿಯಾಗಿದ್ದವನು, ಬಿಡಾರದ ಅಡುಗೆಯೂ ಅವನದೇ. ಸಂಜೆ ಗಂಟೆಯ ಪಟ್ಟಿಯನ್ನು ಡೆಸ್‌ನ ಕೊರಳಿಗೆ ಬಿಗಿದವನೂ ಅವನೇ.

"ಎಲಾಸ್ಟಿಕ್ ಪಟ್ಟಿ ಕ್ಲಿಪ್ ತಾನಾಗೇ ಬಿಟ್ಕೊಂತು ಕಣೋ," ಎಂದ ಡೆಸ್. "ಸ್ಪ್ರಿಂಗಿಗೆ ಮಂಜು ಹಿಡ್ದಿತ್ತು."

"ಎಲ್ಲಾರೂ ಅದನ್ನೇ ಹೇಳೋದು. ಹೋದ ವಾರ ಒಬ್ಬ ಪಾದ್ರಿ ಬಂದಿದ್ದ, ಅವನೂ ಹಿಂಗೇ ಅಂದ. ಪಾದ್ರಿ ಮಾತೇ ನಂಬಲಿಲ್ಲ ನಾನು, ಇನ್ನು ಆಸ್ಟ್ರೇಲಿಯಾದವನ ಮಾತು ನಂಬ್ತೀನಾ?"

"ಕಿವಿ ಉಳೀತಲ್ಲ ನಿಂದು."

"ಉಳೀತು. ಅದಕ್ಕೇ ನಿನ್ನ ಗಂಟೆ ಚೆನ್ನಾಗಿ ಕೇಳ್ಸುತ್ತೆ. ಹೂಂ, ಸ್ವಲ್ಪ ಅಲ್ಲಾಡು ನೋಡಣ."

ಮೇಜಿನ ಸುತ್ತ ಕುರಿಮಾಂಸದ ಪೈ ತಿನ್ನುತ್ತಿದ್ದ ಇನ್ನೂ ನಾಲ್ವರು ಗಿರಾಕಿಗಳು ಹಸುವಿನಂತೆ ಕೂಗಿದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಡೆಸ್. ಆದರೆ ಅವನ ಕಿವಿಗಳು ಕೆಂಪಾಗಿದ್ದವು, ಅದನ್ನು ರೇವಿನ್ ನೋಡಿದಳು. ನೋಡಿಯೂ, ಔಷಧಿ ನಾಟಿತು ಎಂದುಕೊಂಡಳು.

ತಟ್ಟೆ ತೊಳೆದು ಬಂದವನು ಎಲಾಸ್ಟಿಕ್ ಪಟ್ಟಿಯನ್ನು ಕೈಯಲ್ಲಿ ಹಿಡಿದೆಳೆದು ನೋಡುತ್ತ ಅವಳ ಪಕ್ಕ ಕುಳಿತ. ಅಲ್ಲಾಡಿದಾಗೆಲ್ಲ ಕೊರಳಲ್ಲಿ ಟಣ್ ಎನ್ನುತ್ತಿತ್ತು.

"ಎಷ್ಟು ತೂಕ ತಡೆಯುತ್ತೆ ಇದು?"

"ಇನ್ನೂರು ಕಿಲೋ. ಅದನ್ನ ನಂಬಿ ಬೀಳ್ಬೇಡ, ಜಗ್ಗಿದ ಏಟಿಗೇ ಹರಿಯುತ್ತೆ."

"ಇನ್ನೂರಾ? ನಮ್ಮ ಕೆಲಸದಲ್ಲಿ ಊಟದ ಡಬ್ಬಿ ಎತ್ತೋಕೂ ಇಂಥದ್ದು ಬಳಸಲ್ಲ ತಾಯಿ. ಇದು ಚಡ್ಡಿ ಎಲಾಸ್ಟಿಕ್ಕು."

"ಕೊಡಲಿಗೆ ಅಷ್ಟು ಸಾಕು."

ಅದು ಹರಿಯಲೆಂದೇ ಅಷ್ಟು ಬಲಹೀನವಾಗಿ ಮಾಡಿರುವುದು, ಹರಿಯದಿದ್ದರೆ ಮನುಷ್ಯನಿಗೆ ಏನಾಗುತ್ತದೆ ಎಂಬ ಇನ್ನೆರಡು ಮಾತು ಆಗ ಅವಳ ಬಾಯಿಂದ ಬರಲಿಲ್ಲ. ರೇಡಿಯೋದಲ್ಲಿ ಹವಾಮಾನ ಹೇಳುತ್ತಿದ್ದರು. ನಾಳೆ ಸಂಜೆಗೆ ವಾಯವ್ಯದ ಗಾಳಿ. ಆ ಬೆಚ್ಚನೆಯ ಗಾಳಿ ಎದ್ದರೆ, ಭೂಮಿಯ ಈ ದಕ್ಷಿಣಾರ್ಧದಲ್ಲಿ ನಡುಚಳಿಗಾಲವಾದ ಜುಲೈಯಲ್ಲೂ ಒಂದು ಗಂಟೆಯೊಳಗೆ ಛಾವಣಿಯಿಂದ ನೀರು ತೊಟ್ಟಿಕ್ಕುತ್ತದೆ. ಸಂಜೆಗೆ ತಾನೆ, ಮಧ್ಯಾಹ್ನದೊಳಗೆ ಇಳಿದುಬಿಡೋಣ ಎಂದು ಅವಳು ತೀರ್ಮಾನಿಸಿದಳು.

ಬೆಳಗ್ಗೆ ರಾವಿರಿಗೆ ಐದರ ನೋಟು ಸಿಕ್ಕಿತು. "ದಾರಕ್ಕಂತೆ. ಬೂಟಿನ ಲೇಸು ಕಿತ್ತಿರ್ಬೇಕು. ಪರವಾಗಿಲ್ಲ, ಮನುಷ್ಯ ಮರ್ಯಾದಸ್ತ," ಎಂದು ಜೇಬಿಗೆ ಹಾಕಿಕೊಂಡ. ಹೊರಗೆ ಕೀಯಾ ಗಿಳಿಯೊಂದು ಯಾರದೋ ಕೈಗವುಸು ಬಿಚ್ಚಿ ಹತ್ತಿ ಕೀಳುತ್ತಿತ್ತು. ಅದನ್ನು ಓಡಿಸಿ, ರೇವಿನ್ ಎಂದಿನಂತೆ ಗಿರಾಕಿಯ ಮೈಮೇಲೆ ನಾಲ್ಕು ಕಡೆ ಕೈಯಿಟ್ಟು ನೋಡಿದಳು. ಸೊಂಟದ ಬಕಲ್, ಹಗ್ಗದ ಗಂಟು, ಬೂಟಿನ ಮುಳ್ಳು, ಹೆಲ್ಮೆಟ್ಟಿನ ಪಟ್ಟಿ. ಕಣ್ಣು ಮೋಸ ಮಾಡುತ್ತದೆ, ಕೈ ಮಾಡುವುದಿಲ್ಲ ಎಂದು ಅವಳೇ ಹೊಸಬರಿಗೆ ಹೇಳಿಕೊಡುತ್ತಿದ್ದಳು. ಐದನೆಯ ಕಡೆ ಕೈಯಿಡುವ ರೂಢಿ ಇರಲಿಲ್ಲ. ಡೆಸ್‌ನ ಕೋಟಿನ ಅಂಚಿನ ಕೆಳಗೆ ಕೊಡಲಿಗಳಿಗೆ ಹೋಗುವ ಎರಡು ಕೆಂಪು ಎಳೆ ಕಾಣಿಸಿದವು. ಬಿಡಾರದ ಎಲಾಸ್ಟಿಕ್ ಪಟ್ಟಿಗಳೂ ಕೆಂಪೇ.

ಉಳಿದ ನಾಲ್ವರನ್ನು ರಾವಿರಿ ಕೊರಕಲಿನ ಕೆಳಗಿನ ಮಂಜುಗಡ್ಡೆಗೆ ಕರೆದೊಯ್ದ; ರೇವಿನ್ ಮತ್ತು ಡೆಸ್ ಇಬ್ಬರೇ ಹೋದದ್ದು 'ಅಜ್ಜಿ ಜಡೆ'ಗೆ. ತೊಂಬತ್ತು ಮೀಟರ್ ಜಲಪಾತ, ದಕ್ಷಿಣಕ್ಕೆ ಮುಖಮಾಡಿ ಬಿಸಿಲು ಕಾಣದ ಕೊರಕಲಿನಲ್ಲಿ ಹೆಪ್ಪುಗಟ್ಟಿ ನಿಲ್ಲುತ್ತದೆ. ಕೆಳಗಿನ ಎಪ್ಪತ್ತು ಮೀಟರ್ ಬಂಡೆಗೆ ಒರಗಿದ ದಪ್ಪ ಮಂಜುಗಡ್ಡೆ, ಮೆಟ್ಟಿಲಿನಂತೆ ಹತ್ತಬಹುದು. ಕೊನೆಯ ಇಪ್ಪತ್ತು ಮೀಟರ್ ಒಂಟಿ ಕಂಬ. ಮೇಲೆ ಬಂಡೆಯ ಅಂಚನ್ನು ಕಚ್ಚಿಕೊಂಡು, ಕೆಳಗೆ ಕಟ್ಟೆಯ ಮೇಲೆ ಕಾಲೂರಿ, ನಡುವೆ ಯಾವ ಆಸರೆಯೂ ಇಲ್ಲದೆ ನಿಂತದ್ದು. ಮೂವರು ಕೈಕೈ ಹಿಡಿದರೆ ತಬ್ಬಬಹುದಾದಷ್ಟು ದಪ್ಪ. ರೇವಿನ್ ಅದರ ಬುಡಕ್ಕೆ ಕೊಡಲಿಯ ಹಿಂಬದಿಯಿಂದ ಬಡಿದು ಕೇಳಿದಳು. ಗಟ್ಟಿ ಸದ್ದು. ಹತ್ತಿದಳು. ಮೇಲೆ ಎಡಗಡೆಯ ಬಂಡೆಯಲ್ಲಿ ಎರಡು ಉಕ್ಕಿನ ಬೋಲ್ಟುಗಳಿದ್ದವು. ಅವಕ್ಕೆ ತನ್ನನ್ನು ಕಟ್ಟಿಕೊಂಡು, ಹಗ್ಗ ಎಳೆದುಕೊಂಡು, ಡೆಸ್‌ನನ್ನು ಕರೆದಳು. ಆಗ ಹತ್ತೂವರೆ.

ಅವನು ಕಂಬದ ಅರ್ಧ ದಾಟಿರಬೇಕು, ಅವಳ ಕೆನ್ನೆಗೆ ಬೆಚ್ಚನೆಯ ಗಾಳಿ ತಾಗಿತು. ಮೊದಲಿಗೆ ತನ್ನ ಉಸಿರೇ ಎಂದುಕೊಂಡಳು. ಎರಡನೆಯ ಸಲ ಬೀಸಿದಾಗ ಕೊರಕಲಿನ ಮೇಲಂಚಿನಿಂದ ಹಿಮದ ಪುಡಿ ಎದ್ದಿತು. ತೋಳಿನ ಮೇಲೆ ಟಪ್ ಎಂದು ಒಂದು ಹನಿ ಬಿತ್ತು. ಸಂಜೆಯ ಗಾಳಿ ಆರು ಗಂಟೆ ಮೊದಲೇ ಬಂದಿತ್ತು.

"ಡೆಸ್, ಬೇಗ ಬಾ. ಮೆಲ್ಲಗೆ ಹೊಡಿ, ಬೇಗ ಬಾ."

"ಎರಡೂ ಹೆಂಗ್ ಆಗುತ್ತೆ ತಾಯಿ."

ಅವನಿಗೆ ಸುಸ್ತಾಗಿತ್ತು. ಸುಸ್ತಾದವನು ಮೆಲ್ಲಗೆ ಹೊಡೆಯುವುದಿಲ್ಲ, ಜೀವದ ಮೇಲಿನ ಆಸೆಯೆಲ್ಲ ತೋಳಿಗೆ ಬಂದಿರುತ್ತದೆ. ಒಂದೇಟಿನ ಜಾಗದಲ್ಲಿ ಐದೇಟು ಹಾಕಿದ. ತಟ್ಟೆಯಗಲದ ಚೂರುಗಳು ಎದ್ದು ಅವನ ಮುಖಕ್ಕೇ ಬಡಿದವು. ತುಟಿ ಸೀಳಿ ರಕ್ತ ಕಂಬದ ಮೇಲೆ ಇಳಿಯಿತು. ಅವನು ಅದನ್ನು ಉಗಿದು ಮತ್ತೆ ಬೀಸಿದ. ಎಡಗೊಡಲಿ ಕುತ್ತಿಗೆಯವರೆಗೆ ಹೂತಿತು. ಬಲಗೊಡಲಿಯನ್ನು ಅದರ ಪಕ್ಕದಲ್ಲೇ ಅಷ್ಟೇ ಆಳಕ್ಕೆ ಹೂಳಿದ.

ಆಗ ಕಂಬ ಸಿಡಿಯಿತು. ಬಂದೂಕು ಹಾರಿದಂಥ ಸದ್ದು. ಅವನ ತಲೆಗಿಂತ ಎರಡು ಆಳು ಮೇಲೆ, ಬಂಡೆಯ ಅಂಚಿಗೆ ಹತ್ತಿರ, ಕಂಬದ ಸುತ್ತ ಒಂದು ನೀಲಿ ಗೆರೆ ಓಡಿತು. ಇಡೀ ಕಂಬ ಹೆಬ್ಬೆರಳಿನ ಅಗಲದಷ್ಟು ಕೆಳಗೆ ಕುಸಿದು ನಿಂತಿತು. ಗೆರೆಯಿಂದ ನೀರು ಚಿಮ್ಮತೊಡಗಿತು.

"ಡೆಸ್, ಕೇಳು. ಕೊಡಲಿ ಎರಡನ್ನೂ ಅಲ್ಲೇ ಬಿಟ್ಟು ಹಗ್ಗಕ್ಕೆ ಜೋತುಬೀಳು. ನಾನು ಎಡಕ್ಕೆ ಎಳ್ಕೋತೀನಿ."

"ಆಗಲ್ಲ."

"ಗಂಟೆ ಕಟ್ಟಲ್ಲ ಮಾರಾಯ, ಬಿಡು."

"ಕಟ್ಟಿದೀನಿ." ಅವನ ದನಿ ಸಣ್ಣಗಾಗಿತ್ತು. "ದಾರದಲ್ಲಿ. ಎರಡನ್ನೂ ಸೊಂಟಕ್ಕೆ."

ಐದರ ನೋಟು ಯಾತಕ್ಕೆ ಬಂದಿತ್ತೆಂದು ಅವಳಿಗೆ ಆಗ ತಿಳಿಯಿತು.

"ಗಂಟು ಬಿಚ್ಚು."

"ನೀರು ಬಿದ್ದು ಕಲ್ಲಾಗಿದೆ." ಕ್ರೇನಿನವನ ತಲೆ ಅಲ್ಲೂ ಲೆಕ್ಕ ಹಾಕುತ್ತಿತ್ತು. "ರೇವಿನ್, ಈ ಕಂಬ ಎಷ್ಟು ತೂಕ?"

"ಮೂವತ್ತು ಟನ್ನು."

"ದಾರ ಒಂದೊಂದು ಏಳ್ನೂರು ಕಿಲೋ. ಹರಿಯುತ್ತೆ ಹಂಗಾದ್ರೆ."

"ಹರಿಯುತ್ತೆ. ಅದಕ್ಕಿಂತ ಮುಂಚೆ ನಿನ್ನ ಸೊಂಟ ಹರಿಯುತ್ತೆ. ಅಲ್ಲಾಡ್ಬೇಡ, ನಾನೇ ಬರ್ತೀನಿ."

ಮೇಲಿನ ಹಗ್ಗ ಬಂಡೆಯ ಬೋಲ್ಟಿಗೆ, ಕೆಳಗಿನ ದಾರ ಬೀಳುವ ಕಂಬಕ್ಕೆ, ನಡುವೆ ಮನುಷ್ಯ. ಅವನಿದ್ದ ಹಗ್ಗವನ್ನು ಬೀಗದಂತೆ ಬಿಗಿದು, ಉಳಿದ ಹಗ್ಗದ ಮೇಲೆ ತಾನೇ ಇಳಿದಳು. ಹಾಗೆ ಮಾಡಬಾರದೆಂದು ಅವಳೇ ಎಷ್ಟೋ ಜನಕ್ಕೆ ಕಲಿಸಿದ್ದಳು. ಆದರೆ ಮೇಲೆ ಕುಳಿತು ನೋಡುವುದು ಅವಳಿಂದ ಆಗುತ್ತಿರಲಿಲ್ಲ. ಸೊಂಟದಲ್ಲಿ ಬೆರಳುದ್ದದ ಚಾಕು ಇತ್ತು. ಬಿಗಿದ ದಾರವಾದರೆ ಅದಕ್ಕೆ ಬೆಣ್ಣೆ. ಸಡಿಲ ದಾರ ಮಾತ್ರ ಕತ್ತರಿಸಲು ಬಾರದು, ಜಾರುತ್ತದೆ.

ಡೆಸ್ ಎರಡೂ ಕೊಡಲಿಗಳನ್ನು ಎದೆಗೆ ಎಳೆದು ಕಂಬವನ್ನು ಅಪ್ಪಿಕೊಂಡಿದ್ದ. ದಾರಗಳು ಅವನ ಹೊಟ್ಟೆ ಮತ್ತು ಮಂಜುಗಡ್ಡೆಯ ನಡುವೆ ಸಡಿಲವಾಗಿ ಸಿಕ್ಕಿಕೊಂಡಿದ್ದವು.

"ಕೈ ಬಿಡು ಡೆಸ್. ಹಗ್ಗ ಹಿಡ್ಕೊಂಡಿದೆ ನಿನ್ನ. ಹಿಂದಕ್ಕೆ ಒರಗು, ದಾರ ಬಿಗಿಯಾಗ್ಲಿ, ಕೊಯ್ತೀನಿ."

ಅವನು ಕೇಳಿದ. ತಲೆಯಾಡಿಸಿದ. ಕೈ ಬಿಡಲಿಲ್ಲ. ಬಿಡಬೇಕೆಂದು ಅವನಿಗೂ ಗೊತ್ತಿತ್ತು, ಬೆರಳುಗಳಿಗೆ ಗೊತ್ತಿರಲಿಲ್ಲ. ಅವಳು ಮಣಿಕಟ್ಟು ಹಿಡಿದು ಎಳೆದಾಗ ಬಲಗೈ ಕೊಡಲಿಯಿಂದ ಬಿಟ್ಟಿತು, ನೇರ ಅವಳ ಕೊರಳಪಟ್ಟಿಗೆ ಬಂತು. ನೀರಲ್ಲಿ ಮುಳುಗುವವನು ಹಿಡಿಯುವಂಥ ಹಿಡಿತ. ಎಳೆದು ಕಂಬಕ್ಕೆ ಬಡಿದ. ಅವಳ ಮೂಗು ಮುರಿದ ಸದ್ದು ಅವಳಿಗೇ ಕೇಳಿಸಿತು. ಬಾಯಿತುಂಬ ರಕ್ತ. ಅವನು ಮತ್ತೊಮ್ಮೆ ಎಳೆದು ಬಡಿದ, ಅಳುತ್ತಿದ್ದ, ಏನೋ ಹೇಳುತ್ತಿದ್ದ, ಹೆಂಡತಿಯ ಹೆಸರಿರಬೇಕು. ಮೇಲಿನ ನೀಲಿ ಗೆರೆ ಕಿರ್ರೆಂದು ಅಗಲವಾಯಿತು.

ರೇವಿನ್ ಚಾಕುವನ್ನು ಹಲ್ಲಲ್ಲಿ ಕಚ್ಚಿ, ಕೊಡಲಿ ತೆಗೆದು, ಸುತ್ತಿಗೆಯ ಬದಿಯಿಂದ ತನ್ನ ಕೊರಳಪಟ್ಟಿ ಹಿಡಿದ ಗೆಣ್ಣುಗಳ ಮೇಲೆ ಹೊಡೆದಳು. ಅವನು ಕೂಗಿದ, ಆ ಕೈ ಸಡಿಲಿತು. ಕೊಡಲಿ ಹಿಡಿದಿದ್ದ ಎಡಗೈಯ ಮೇಲೂ ಹೊಡೆದಳು. ಎಲುಬು ಪುಡಿಯಾದದ್ದು ಹಿಡಿಯ ಮೂಲಕ ಅವಳ ಅಂಗೈಗೆ ತಿಳಿಯಿತು. ಬೆರಳುಗಳು ಬಿಟ್ಟವು. ಅಷ್ಟರ ಮೇಲೂ ಅವಳ ತೋಳು ಮೂರನೆಯ ಸಲ ಎದ್ದು ಆಗಲೇ ಹಿಡಿತ ಬಿಟ್ಟಿದ್ದ ಅದೇ ಕೈಯ ಮೇಲೆ ಇಳಿಯಿತು.

ಅವನು ಹಿಂದಕ್ಕೆ ಬಿದ್ದ, ಹಗ್ಗ ಹಿಡಿಯಿತು, ದಾರಗಳು ತಂತಿಯಂತೆ ಬಿಗಿದವು. ಚಾಕು ಮುಟ್ಟಿಸಿದ್ದೇ ತಡ ಮೊದಲನೆಯದು ಟಂಗ್ ಎಂದು ಹರಿಯಿತು. ಎರಡನೆಯದನ್ನು ಎಡಗೈಗೆ ಒಂದು ಸುತ್ತು ಸುತ್ತಿ ಬಿಗಿಹಿಡಿದು ಚಾಕು ಎಳೆದಳು. ಅರ್ಧ ಕೊಯ್ದಿತ್ತು. ಕಂಬ ಹೋಯಿತು.

ಸದ್ದಿಗಿಂತ ಮೊದಲು ಎಳೆತ ಬಂತು. ಡೆಸ್‌ನ ಬಲಸೊಂಟ ಕಳಚಿ ಅವನು ಅಡ್ಡಕ್ಕೆ ತಿರುಗಿದ, ಮೇಲಿನ ಹಗ್ಗ ಎಣ್ಣೆ ಕಾಣದ ಬಾಗಿಲಿನಂತೆ ನರಳಿತು. ಅರ್ಧ ಕೊಯ್ದಿದ್ದ ದಾರ ಕೊಯ್ದಲ್ಲೇ ಹರಿಯಿತು. ಹರಿಯುವ ಮೊದಲು ರೇವಿನ್‌ಳ ಎಡಗೈಯ ಕಿರುಬೆರಳನ್ನೂ ಉಂಗುರದ ಬೆರಳನ್ನೂ ಗವುಸಿನ ಸಮೇತ ತೆಗೆದುಕೊಂಡು ಹೋಯಿತು. ಮೂವತ್ತು ಟನ್ ಕೆಳಗಿನ ಕಟ್ಟೆಗೆ ಬಡಿದು, ಕೊರಕಲು ತುಂಬ ಬಿಳಿ ಧೂಳೆದ್ದು, ಎದುರು ಬೆಟ್ಟದಿಂದ ಸದ್ದು ಎರಡು ಸಲ ವಾಪಸ್ ಬಂತು. ಆಮೇಲೆ ಬಂಡೆಯ ಅಂಚಿನಿಂದ ನೀರು ಬೀಳುವ ಸದ್ದಷ್ಟೇ. ಇಬ್ಬರೂ ಹಗ್ಗಗಳಲ್ಲಿ ತೂಗುತ್ತಿದ್ದರು.

"ಇದೀಯಾ?" ಎಂದಳು.

"ಇದೀನಿ. ಕಾಲು ನಂದಲ್ಲ ಅನ್ಸುತ್ತೆ."

"ನಿಂದೇ. ಅಲ್ಲೇ ನೇತಾಡ್ತಾ ಇದೆ."

ಕೈಗೆ ಕೊರಳವಸ್ತ್ರ ಬಿಗಿದು, ಒಂದು ಕೈ ಮತ್ತು ಹಲ್ಲಿನಲ್ಲಿ ಅವನನ್ನು ಕಟ್ಟೆಯವರೆಗೆ ಇಳಿಸುವುದಕ್ಕೆ ಅವಳಿಗೆ ಎರಡು ಗಂಟೆ ಹಿಡಿಯಿತು. ಸದ್ದು ಕೇಳಿ ಮೇಲೆ ಬಂದ ರಾವಿರಿ ಅಲ್ಲಿಂದ ಕೆಳಕ್ಕೆ ಇಬ್ಬರನ್ನೂ ಇಳಿಸಿದ. ಗಾಳಿಗೆ ಹೆಲಿಕಾಪ್ಟರ್ ಕೊರಕಲಿಗೆ ಬರಲಾರದೆ ಕಣಿವೆಯ ಬಾಯಿಯ ಕುರಿ ಹುಲ್ಲುಗಾವಲಿನಲ್ಲಿ ಕಾದಿತ್ತು. ಅದಕ್ಕೆ ಹತ್ತಿಸುವ ಹೊತ್ತಿಗೆ ರಾವಿರಿ ಜೇಬಿನಿಂದ ಐದರ ನೋಟು ತೆಗೆದು ಡೆಸ್‌ನ ಕೋಟಿನೊಳಗೆ ತುರುಕಿದ.

ಒಂಬತ್ತು ದಿನದ ಮೇಲೆ ಆಸ್ಪತ್ರೆಯಲ್ಲಿ ರೇವಿನ್ ಅವನ ಹಾಸಿಗೆಯ ಪಕ್ಕ ಕುಳಿತಳು. ಅವನ ಎರಡೂ ಕೈಗೆ ಪ್ಲಾಸ್ಟರ್, ಸೊಂಟದಿಂದ ಕೆಳಗೆ ಕಬ್ಬಿಣದ ಚೌಕಟ್ಟು. ಅವಳ ಮುಖ ಹಳದಿ, ಕಣ್ಣ ಸುತ್ತ ಕಪ್ಪು. ಹೆಂಡತಿ ಚಹಾ ತರಲು ಹೋಗಿದ್ದಳು.

"ಗಿಟಾರ್ ಕಲೀಬೇಕು ಅಂತಿದ್ದೆ," ಎಂದ ಡೆಸ್.

"ಹಾಡೋದು ಕಲಿ. ಕೈ ಬೇಕಾಗಿಲ್ಲ."

"ಮೂರು ಸಲ ಹೊಡ್ದೆ ಅಲ್ವಾ ನೀನು. ನಾನು ಎಣಿಸಿದೀನಿ."

"ಮೂರು." ಅವಳು ಕಿಟಕಿಯ ಕಡೆ ನೋಡಲಿಲ್ಲ, ಅವನನ್ನೇ ನೋಡಿದಳು. "ಮೊದಲಿನ ಎರಡು ನಿನ್ನನ್ನ ಬಿಡಿಸೋಕೆ. ಮೂರನೇದು ಬೇಕಾಗಿರ್ಲಿಲ್ಲ. ಸಿಟ್ಟಿಗೆ ಹೊಡ್ದೆ. ವಿಚಾರಣೆಗೆ ಬಂದೋರಿಗೂ ಹಂಗೇ ಬರ್ಕೊಟ್ಟಿದೀನಿ."

ಅವನು ಪ್ಲಾಸ್ಟರಿನ ಕೈಯೆತ್ತಿ ಅವಳ ಮುಖದ ಕಡೆ ತೋರಿಸಿದ.

"ನಾನು ನಿನ್ನ ಮೂಗು ಒಡೆದಿದ್ದು?"

"ಅದು ಹೆದರಿಕೆಗೆ."

"ಮೊದಲ್ನೇ ಸಲ ಹೆದರಿಕೆಗೆ," ಎಂದ ಡೆಸ್. "ಎರಡ್ನೇ ಸಲ ಗಂಟೆ ನೆನಪಾಗಿತ್ತು."

ಆಮೇಲೆ ಅವಳು, "ಆ ಕ್ಲಿಪ್ ನೋಡ್ದೆ," ಎಂದಳು. "ಬಿಡಾರದ ಡಬ್ಬಿಲಿತ್ತು. ಸ್ಪ್ರಿಂಗ್ ಸೋತಿತ್ತು. ನೀನು ಹೇಳಿದ್ದು ನಿಜ."

"ಹೇಳ್ದೆ ಅಲ್ವಾ."

"ಹೇಳ್ದೆ. ಹರಿಯೋದೇ ಪಟ್ಟಿ ಕೆಲಸ ಅಂತ ನಾನು ಹೇಳ್ಲಿಲ್ಲ."

ಹೆಂಡತಿ ಚಹಾ ತಂದಳು. ಡೆಸ್‌ಗೆ ಲೋಟ ಹಿಡಿಯಲು ಆಗುತ್ತಿರಲಿಲ್ಲ, ರೇವಿನ್‌ಗೆ ಒಂದೇ ಕೈಯಲ್ಲಿ ಅಭ್ಯಾಸವಿರಲಿಲ್ಲ. ರೇವಿನ್ ಅವನ ಬಾಯಿಗೆ ಹಿಡಿದದ್ದರಲ್ಲಿ ಅರ್ಧ ಅವನ ಎದೆಯ ಮೇಲೆ ಚೆಲ್ಲಿತು.

ವಿಚಾರಣೆಯವರು ಒಂದು ಚಳಿಗಾಲ ಅವಳ ಪರವಾನಗಿ ತಡೆಹಿಡಿದರು. ಅವಳು ವಾದಿಸಲಿಲ್ಲ. ಮರುವರ್ಷ ಬಿಡಾರಕ್ಕೆ ಬಂದವಳೇ ಗಂಟೆಯನ್ನು ಮೊಳೆಯಿಂದ ಇಳಿಸಿ ಕಣಿವೆಯ ಬಾಯಿಯ ರೈತನಿಗೆ ಕೊಟ್ಟಳು. ಅವನ ಮುದಿ ಹಸುವೊಂದು ಅದನ್ನು ಕಟ್ಟಿಕೊಂಡು ಓಡಾಡುತ್ತದೆ. ಕೊಡಲಿ ಬೀಳಿಸಿದವರಿಗೆ ಈಗ ಯಾರೂ ನಗುವುದಿಲ್ಲ, ಏನಾಯಿತೆಂದು ಕೇಳುತ್ತಾರೆ. ಬೆಳಗ್ಗೆ ಗಿರಾಕಿಯ ಮೈಮೇಲೆ ಐದು ಕಡೆ ಕೈಯಿಡುತ್ತಾರೆ. ಐದನೆಯದಕ್ಕೆ ರೇವಿನ್ ಉಳಿದ ಮೂರು ಬೆರಳಿನಲ್ಲಿ ಪಟ್ಟಿಯನ್ನು ಎಳೆದು, ಅದು ಹಿಗ್ಗುವುದನ್ನು ನೋಡಿ, ಯಾಕೆ ಹರಿಯಬೇಕೆಂದು ಹೇಳುತ್ತಾಳೆ.

ಆ ದಿನ ಹೋದದ್ದು ಅವಳ ಎರಡು ಬೆರಳು, ಒಂದು ಚಳಿಗಾಲದ ದುಡಿಮೆ, ಡೆಸ್‌ನ ನೆಟ್ಟಗಿನ ನಡಿಗೆ, ಅವನ ಎಡಗೈಯ ಹಿಡಿತ, ಎರಡು ಕೊಡಲಿ. ಡೆಸ್ ಬದುಕಿದ್ದಾನೆ.